ಮೊದಲ ಗೇಮಿಂಗ್ ಪಿಸಿ: ಪಟ್ಟಿ ಮೊದಲು, ನಿರ್ಧಾರ ಆಮೇಲೆ

ಗೇಮಿಂಗ್ ಪಿಸಿಗೆಂದು ಒಂದಿಷ್ಟು ದುಡ್ಡು ಕೂಡಿಟ್ಟವರ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ, ರೆಡಿಮೇಡ್ ಕೊಳ್ಳಲೋ, ಬಿಡಿಭಾಗ ತಂದು ನಾನೇ ಜೋಡಿಸಲೋ ಎನ್ನುವುದು. ಜೋಡಿಸಿದವರನ್ನು ಕೇಳಿದರೆ ರೆಡಿಮೇಡ್ ಕೊಂಡರೆ ದುಡ್ಡು ದಂಡ ಅನ್ನುತ್ತಾರೆ. ಕೊಂಡವರನ್ನು ಕೇಳಿದರೆ ಆ ತಲೆನೋವು ಯಾರಿಗೆ ಬೇಕು ಅನ್ನುತ್ತಾರೆ. ಇಬ್ಬರ ಮಾತೂ ಅವರವರ ಮಟ್ಟಿಗೆ ನಿಜ. ನಿಮ್ಮ ಮಟ್ಟಿಗೆ ಯಾವುದು ನಿಜ ಎಂದು ತಿಳಿಯಬೇಕಾದರೆ ಒಂದು ಕೆಲಸ ಮೊದಲು ಆಗಬೇಕು: ನಿಮಗೆ ಬೇಕಾದ ಪಿಸಿಯ ಬಿಡಿಭಾಗಗಳ ಪಟ್ಟಿ ಬರೆಯಬೇಕು. ರೆಡಿಮೇಡೇ ಕೊಳ್ಳುವುದು ಎಂದು ತೀರ್ಮಾನಿಸಿದವರೂ ಜೋಡಿಸುವವರ ಹಾಗೆ ಕೂತು ಈ ಪಟ್ಟಿ ಬರೆಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಪಟ್ಟಿ ಇಲ್ಲದೆ ಹೋದವರು ಕ್ಯಾಬಿನೆಟ್‌ನ ಬಣ್ಣದ ದೀಪ ನೋಡಿ ದುಡ್ಡು ಕೊಟ್ಟು ಬರುತ್ತಾರೆ. ಪಟ್ಟಿ ಇದ್ದವರಿಗೆ ಒಳಗೆ ಏನಿದೆ, ಎಲ್ಲಿ ಕತ್ತರಿ ಹಾಕಿದ್ದಾರೆ ಎನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 1: ಯಾವ ಆಟ, ಯಾವ ಮಾನಿಟರ್?

ಮುಂದಿನ ಒಂದು ವರ್ಷದಲ್ಲಿ ನೀವು ನಿಜಕ್ಕೂ ಆಡುವ ನಾಲ್ಕೈದು ಆಟಗಳ ಹೆಸರು ಬರೆದುಕೊಳ್ಳಿ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ತರಹದ ಸ್ಪರ್ಧೆಯ ಆಟಗಳು ಒಂದು ಜಾತಿ. ಇವುಗಳಿಗೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರ ಅಥವಾ ಫ್ರೇಮುಗಳ ಸಂಖ್ಯೆ) ಹೆಚ್ಚು ಬೇಕು, ಹಾಗಾಗಿ ಪ್ರೊಸೆಸರ್ ಚುರುಕಾಗಿರಬೇಕು. ಕಥೆ, ದೃಶ್ಯ ವೈಭವ ಇರುವ ದೊಡ್ಡ ಆಟಗಳು ಇನ್ನೊಂದು ಜಾತಿ. ಅಲ್ಲಿ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುತ್ತದೆ.

ಮಾನಿಟರನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 36.9 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ. ಪ್ರತಿ ಫ್ರೇಮಿಗೂ ಅಷ್ಟು ಚುಕ್ಕಿಗಳನ್ನು ಗ್ರಾಫಿಕ್ಸ್ ಕಾರ್ಡ್ ಬಿಡಿಸಬೇಕು. ಬಜೆಟ್ ಬಿಗಿಯಾಗಿದ್ದರೆ 1080ಪಿ ಪರದೆಯೇ ಸರಿ. ರೆಸಲ್ಯೂಶನ್ ಏರಿಸುವುದಕ್ಕಿಂತ 144 ಹರ್ಟ್ಸ್ ಮಾನಿಟರ್ ತೆಗೆದುಕೊಳ್ಳುವುದು ಆಟಕ್ಕೆ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 16.7 ಮಿಲಿಸೆಕೆಂಡ್ ಅಂತರ ಇರುತ್ತದೆ. 144ರಲ್ಲಿ ಅದು 7ಕ್ಕಿಂತ ಕಡಿಮೆ. ಮೌಸ್ ತಿರುಗಿಸಿದ ಮೊದಲ ಕ್ಷಣದಲ್ಲೇ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ವಿಂಡೋಸ್ ಲೈಸೆನ್ಸ್ ಇವೆಲ್ಲ ಒಟ್ಟು ಬಜೆಟ್ಟಿನಿಂದಲೇ ಬರಬೇಕು. ಇವನ್ನು ಕಳೆದು ಉಳಿದದ್ದು ಮಾತ್ರ ಪಿಸಿಯ ದುಡ್ಡು.

ಹೆಜ್ಜೆ 2: ಪಟ್ಟಿಯ ಮೊದಲ ಸಾಲು ಗ್ರಾಫಿಕ್ಸ್ ಕಾರ್ಡ್

ಪಿಸಿಯ ದುಡ್ಡಿನಲ್ಲಿ ನೂರಕ್ಕೆ 35ರಿಂದ 40 ಭಾಗ ಗ್ರಾಫಿಕ್ಸ್ ಕಾರ್ಡಿಗೇ ಹೋಗಲಿ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ. ಬಜೆಟ್ ಪಿಸಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಇವು: ಎಎಂಡಿಯ ಆರ್‌ಎಕ್ಸ್ 6600 (2021) ಮತ್ತು ಆರ್‌ಎಕ್ಸ್ 7600 (2023), ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಮತ್ತು 4060, ಇಂಟೆಲ್‌ನ ಆರ್ಕ್ ಬಿ580. ಇವುಗಳ ನಂತರದ ಕಾರ್ಡುಗಳೂ ಬಂದಿವೆ, ಬರುತ್ತಲೇ ಇರುತ್ತವೆ. ಹೆಸರು ಬದಲಾದರೂ ಆರಿಸುವ ರೀತಿ ಮಾತ್ರ ಅದೇ.

ಮೊದಲು ಕಾರ್ಡಿನ ಸ್ವಂತ ಮೆಮೊರಿ, ಅಂದರೆ ವಿ-ರ‍್ಯಾಮ್ ನೋಡಿ. ಇವತ್ತು ಹೊಸ ಕಾರ್ಡ್ ಕೊಳ್ಳುವವರು 8 ಜಿಬಿಗಿಂತ ಕೆಳಗೆ ಇಳಿಯಬಾರದು. ವಿ-ರ‍್ಯಾಮ್ ತುಂಬಿಹೋದರೆ ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಾಣಬಹುದು, ಆದರೆ ಓಡುವ ಆಟ ಮಧ್ಯೆ ಮಧ್ಯೆ ತಡವರಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದ ಬಿ580 ಕಾರ್ಡಿನಲ್ಲಿ 12 ಜಿಬಿ ಇದೆ. ಆ ದೃಷ್ಟಿಯಿಂದ ಒಳ್ಳೆಯ ಮಾಲು. ಆದರೆ ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವುದು) ಎಂಬ ಸೌಲಭ್ಯವಿರುವ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್ ಬೇಕು, ಹಳೆಯ ನಿಧಾನ ಪ್ರೊಸೆಸರ್ ಜೊತೆ ಹಾಕಿದರೆ ಅದರ ವೇಗ ಕುಸಿಯುತ್ತದೆ. ಹಳೆಯ ಪಿಸಿಗೆ ಹಾಕಲೆಂದು ಅದನ್ನು ಕೊಳ್ಳಬೇಡಿ.

ಎರಡನೆಯದು, ಹೆಸರಿನ ಮೋಸ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ರೆಡಿಮೇಡ್ ಪಿಸಿಗಳ ಬಹುಪಾಲು ಗೊಂದಲ ಇಲ್ಲೇ ಹುಟ್ಟುತ್ತದೆ. ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲಿ 2022ರಲ್ಲಿ ಬಂದ ಕಾರ್ಡಿಗೆ 8 ಜಿಬಿ ಮೆಮೊರಿ, 2560 'ಕೂಡಾ' (CUDA) ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು. 2024ರಲ್ಲಿ ಅದೇ ಹೆಸರಿನಲ್ಲಿ 6 ಜಿಬಿಯದು ಬಂತು. ಅದರಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರ್‌ಗಳೂ 2304ಕ್ಕೆ ಇಳಿದಿವೆ, ಮೆಮೊರಿಯ ದಾರಿ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಜಾಹೀರಾತಿನಲ್ಲಿ 'ಆರ್‌ಟಿಎಕ್ಸ್ 3050' ಎಂದಷ್ಟೇ ಬರೆದಿದ್ದರೆ ಯಾವುದು ಎಂದು ತಿಳಿಯುವುದು ಹೇಗೆ? ಜಿಟಿ 1030 ಕಥೆ ಇನ್ನೂ ಕೆಟ್ಟದ್ದು. 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂದದ್ದು ಮರುವರ್ಷ ಡಿಡಿಆರ್4 ಮೆಮೊರಿಯೊಂದಿಗೆ ಅದೇ ಹೆಸರಿನಲ್ಲಿ ಬಂತು. ಮೆಮೊರಿ ವೇಗ ಸುಮಾರು ಮೂರನೇ ಒಂದು ಭಾಗಕ್ಕೆ ಬಿತ್ತು. ಆದ್ದರಿಂದ ಕಾರ್ಡಿನ ಹೆಸರಿನ ಜೊತೆ ಮೆಮೊರಿ ಎಷ್ಟು, ಯಾವ ಬಗೆ ಎನ್ನುವುದನ್ನು ಪಟ್ಟಿಯಲ್ಲಿ ಬರೆಯಲೇಬೇಕು.

ಮೂರನೆಯದು ಹಳೆಯ ಕಾರ್ಡಿನತ್ತ ಕಣ್ಣು ಹಾಯಿಸುವವರಿಗೆ. 2024ರ ಕೊನೆಯಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ರೇ ಟ್ರೇಸಿಂಗ್ (ಬೆಳಕಿನ ದಾರಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಯಂತ್ರಾಂಶ ಇಲ್ಲದ ಕಾರ್ಡಿನಲ್ಲಿ ಓಡಬೇಕೆಂದು ಮಾಡಿದ್ದೇ ಅಲ್ಲ. ಜಿಟಿಎಕ್ಸ್ 1660, ಆರ್‌ಎಕ್ಸ್ 5700 ಇವೆಲ್ಲ ಆ ಗುಂಪಿನವು. ಸ್ಪರ್ಧೆಯ ಆಟಗಳಿಗೆ ಇವು ಇನ್ನೂ ಧಾರಾಳ ಸಾಕು. ಹೊಸ ದೊಡ್ಡ ಆಟಗಳ ಆಸೆ ಇದ್ದರೆ ಮಾತ್ರ ಹುಷಾರಾಗಿರಿ.

ಹೆಜ್ಜೆ 3: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಒಟ್ಟಿಗೆ ಆರಿಸಿ

ಈ ಮೂರನ್ನು ಬೇರೆ ಬೇರೆ ನೋಡುವಂತಿಲ್ಲ, ಒಂದಕ್ಕೊಂದು ಗಂಟು ಬಿದ್ದಿವೆ. ಎಎಂಡಿಯ ಎಎಂ4 ಸಾಕೆಟ್‌ಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಡಿಡಿಆರ್4 ರ‍್ಯಾಮ್, ಎಎಂ5 ಸಾಕೆಟ್‌ಗೆ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನಲ್ಲಿ ಬೋರ್ಡ್ ನೋಡಿ ಎರಡರಲ್ಲಿ ಒಂದು. ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳ (ರ‍್ಯಾಮ್ ಸ್ಟಿಕ್‌ಗಳ) ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ತಪ್ಪು ರ‍್ಯಾಮ್ ಸ್ಲಾಟಿಗೆ ಇಳಿಯುವುದೇ ಇಲ್ಲ.

ಬಜೆಟ್ ಪಿಸಿಗೆ 6 ಕೋರ್, 12 ಥ್ರೆಡ್ ಇರುವ ಪ್ರೊಸೆಸರ್ ಹದವಾದ ಆಯ್ಕೆ. ಎಎಂಡಿಯ ರೈಜೆನ್ 5 5600, ಇಂಟೆಲ್‌ನ ಕೋರ್ ಐ5-12400ಎಫ್, ಎಎಂಡಿಯದೇ ರೈಜೆನ್ 5 7600 ಮೂರೂ ಈ ಸಾಲಿನವು. ಇಂಟೆಲ್ ಹೆಸರಿನ ಕೊನೆಯ 'ಎಫ್' ಅಕ್ಷರಕ್ಕೆ ಗಮನ ಕೊಡಿ: ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಮುಂದೆ ಎಂದಾದರೂ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ರಿಪೇರಿಗೆ ಹೋದರೆ ಪರದೆಯಲ್ಲಿ ಏನೂ ಬರುವುದಿಲ್ಲ. ರೈಜೆನ್ 5 5600ಗೂ ಅದೇ ಕೊರತೆ ಇದೆ. 7600ರಲ್ಲಿ ಸಣ್ಣ ಗ್ರಾಫಿಕ್ಸ್ ಇದೆ. ಆಟಕ್ಕೆ ಸಾಲದು, ತುರ್ತಿಗೆ ಸಾಕು.

ಎಎಂ4 ಅಗ್ಗ, ಎಎಂ5 ಮುಂದಿನ ದಾರಿ. ಯಾವುದು? ಎಎಂ4 ಬೋರ್ಡುಗಳ ಚರಿತ್ರೆ ನೋಡಿದರೆ ಸಾಕೆಟ್ ಎಷ್ಟು ಮುಖ್ಯ ಎಂದು ತಿಳಿಯುತ್ತದೆ. 2017ರಲ್ಲಿ ಬಂದ ಬಿ350 ಬೋರ್ಡುಗಳಲ್ಲಿ ಅನೇಕವಕ್ಕೆ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ, 2022ರ ರೈಜೆನ್ 7 5800ಎಕ್ಸ್3ಡಿ ಹಾಕಿ ಓಡಿಸಿದವರಿದ್ದಾರೆ. ಐದು ವರ್ಷದ ನಂತರ ಪ್ರೊಸೆಸರ್ ಒಂದನ್ನೇ ಬದಲಿಸಿ ಹೊಸ ಪಿಸಿಯ ಅನುಭವ ಪಡೆದರು. ಎಎಂ5ಗೆ 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಮೂರ್ನಾಲ್ಕು ವರ್ಷದ ಮೇಲೆ ಮತ್ತೆ ದುಡ್ಡು ಹಾಕುವ ಯೋಚನೆ ಇದ್ದರೆ ಎಎಂ5 ಸರಿ. ಈಗಿನ ಬಜೆಟ್ಟೇ ಕಟ್ಟಕಡೆಯದು, ಉಳಿದದ್ದೆಲ್ಲ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು ಎಂದಾದರೆ ಎಎಂ4ನಲ್ಲಿ ಯಾವ ತಪ್ಪೂ ಇಲ್ಲ.

ರ‍್ಯಾಮ್ 16 ಜಿಬಿ ಇರಲಿ. 16ರ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿ ಮೇಲು. ಎರಡು ಪಟ್ಟಿ ಇದ್ದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವೆ ಎರಡು ಚಾನೆಲ್ ತೆರೆದುಕೊಳ್ಳುತ್ತವೆ. ಮದರ್‌ಬೋರ್ಡ್ ಅತಿ ಅಗ್ಗದ್ದಾದರೆ ರ‍್ಯಾಮ್ ಸ್ಲಾಟ್ ಎರಡೇ ಇರುತ್ತವೆ, ಇಂಟೆಲ್‌ನ ಎಚ್610 ಚಿಪ್‌ಸೆಟ್‌ನಲ್ಲಂತೂ ಅದೇ ಮಿತಿ. ಸ್ವಲ್ಪ ಮೇಲಿನ ಬಿ ಸಾಲಿನ (ಚಿಪ್‌ಸೆಟ್ ಹೆಸರು 'ಬಿ'ಯಿಂದ ಶುರುವಾಗುವ) ಬೋರ್ಡ್ ಸಿಕ್ಕರೆ ಬಿಡಬೇಡಿ.

ಹೆಜ್ಜೆ 4: ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ

ಎಸ್‌ಎಂಪಿಎಸ್ ಅಂದರೆ ಗೋಡೆಯ ವಿದ್ಯುತ್ತನ್ನು ಪಿಸಿಗೆ ಹೊಂದುವಂತೆ ಮಾಡಿ ಕೊಡುವ ಪೆಟ್ಟಿಗೆ. ಎಫ್‌ಪಿಎಸ್ ಒಂದಂಕಿಯನ್ನೂ ಹೆಚ್ಚಿಸದ, ಆದರೆ ಕೆಟ್ಟರೆ ಉಳಿದದ್ದನ್ನೂ ಜೊತೆಗೆ ಒಯ್ಯಬಲ್ಲ ಭಾಗ ಇದೊಂದೇ. ಹಾಗಾಗಿಯೇ ಎಲ್ಲರ ಕತ್ತರಿಯೂ ಮೊದಲು ಇದರ ಮೇಲೆ ಬೀಳುತ್ತದೆ. ಲೆಕ್ಕ ಸುಲಭ. ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್, ಆರ್‌ಎಕ್ಸ್ 6600 ಆದರೆ 132 ವ್ಯಾಟ್, ಪ್ರೊಸೆಸರ್ ನೂರರೊಳಗೆ, ಉಳಿದ ಚಿಲ್ಲರೆ ಐವತ್ತು ಎನ್ನಿ. ಮುನ್ನೂರು ದಾಟುವುದಿಲ್ಲ. ಒಳ್ಳೆಯ ಕಂಪನಿಯ 550 ವ್ಯಾಟ್ ಇಂಥ ಪಿಸಿಗೆ ಬೇಕಾದಷ್ಟು. ಹೆಸರೇ ಕೇಳದ 750 ವ್ಯಾಟ್‌ಗಿಂತ ಹೆಸರು ಮಾಡಿದ 550 ಸಾವಿರ ಪಾಲು ಮೇಲು.

2004ರಲ್ಲಿ ಶುರುವಾದ 80 ಪ್ಲಸ್ ಗುರುತು, ಅದರ ಬ್ರಾಂಜ್, ಗೋಲ್ಡ್ ದರ್ಜೆ ಇವು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಪಿಸಿಗೆ ತಲುಪುತ್ತದೆ ಎಂಬುದನ್ನು ಹೇಳುತ್ತವೆ, ಅಷ್ಟೆ. ಒಳಗಿನ ರಕ್ಷಣಾ ಸರ್ಕ್ಯೂಟ್ ಹೇಗಿದೆ ಎಂದು ಹೇಳುವುದಿಲ್ಲ. ಅದಕ್ಕೆ ವಾರಂಟಿಯೇ ಒಳ್ಳೆಯ ಸೂಚನೆ: ಐದು ವರ್ಷ, ಅದಕ್ಕೂ ಹೆಚ್ಚು ವಾರಂಟಿ ಕೊಡುವ ಮಾಲನ್ನು ತಯಾರಕರೇ ನಂಬಿದ್ದಾರೆ ಎಂದು ತಿಳಿಯಬಹುದು.

ಎಸ್‌ಎಸ್‌ಡಿ (ವಿಂಡೋಸ್, ಆಟಗಳನ್ನು ಇಡುವ ಡ್ರೈವ್) ಎನ್‌ವಿಎಂಇ ಎಂಬ ವೇಗದ ಬಗೆಯದು, ಸಾಧ್ಯವಾದರೆ 1 ಟಿಬಿ. ದೊಡ್ಡ ಆಟ ಒಂದೇ ನೂರು ಜಿಬಿ ದಾಟುವ ಕಾಲ ಇದು. ಕ್ಯಾಬಿನೆಟ್ ಮುಂಭಾಗದಲ್ಲಿ ಗಾಳಿ ಹೋಗುವ ಜಾಲರಿ ಇದ್ದರೆ ಸಾಕು. ಗಾಜು, ಬಣ್ಣದ ದೀಪಕ್ಕೆ ಸುರಿದು ಗ್ರಾಫಿಕ್ಸ್ ಕಾರ್ಡಿನಲ್ಲಿ ಕಡಿಮೆ ಮಾಡಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಹೆಜ್ಜೆ 5: ಈ ಪಟ್ಟಿ ಹಿಡಿದು ರೆಡಿಮೇಡ್ ಪಿಸಿಯನ್ನು ಓದಿ

ಈಗ ನಿಮ್ಮ ಪಟ್ಟಿಯ ಪ್ರತಿ ಸಾಲಿನ ಮುಂದೆ ಇವತ್ತಿನ ಬೆಲೆ ಬರೆದು ಕೂಡಿಸಿ, ವಿಂಡೋಸ್ ಲೈಸೆನ್ಸ್ ಸೇರಿಸಿ. ಪಕ್ಕದಲ್ಲೇ ಅದೇ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಇರುವ ರೆಡಿಮೇಡ್ ಪಿಸಿಯ ವಿವರ ಇಡಿ. ಒಂದೊಂದೇ ಸಾಲು ಹೋಲಿಸುತ್ತ ಬನ್ನಿ.

ಮೊದಲು ನೋಡಬೇಕಾದದ್ದು ಹೇಳದೇ ಬಿಟ್ಟ ಮಾತುಗಳನ್ನು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರನ್ನು ಎಲ್ಲರೂ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಮದರ್‌ಬೋರ್ಡಿನ ಮಾದರಿ, ಎಸ್‌ಎಂಪಿಎಸ್‌ನ ಕಂಪನಿ, ರ‍್ಯಾಮ್ ಎಷ್ಟು ಪಟ್ಟಿ, ಎಸ್‌ಎಸ್‌ಡಿ ಯಾವ ಬಗೆ, ಈ ನಾಲ್ಕು ಪ್ರಶ್ನೆಗೆ ಲಿಖಿತ ಉತ್ತರ ಕೇಳಿ. '16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 500 ವ್ಯಾಟ್ ಪವರ್' ಎಂದಷ್ಟೇ ಹೇಳಿ ಜಾರಿಕೊಂಡರೆ ಉಳಿತಾಯ ಎಲ್ಲಿ ಮಾಡಿದ್ದಾರೆ ಎಂಬ ಅನುಮಾನಕ್ಕೆ ಕಾರಣವಿದೆ. ಸರಿಯಾದ ಉತ್ತರ ಕೊಡುವ ಮಾರಾಟಗಾರರೂ ಇದ್ದಾರೆ. ದುಡ್ಡು ಅಂಥವರಿಗೇ ಕೊಡಿ. 'ಐ7 ಗೇಮಿಂಗ್ ಪಿಸಿ' ಎಂದಷ್ಟೇ ಬರೆದ ಜಾಹೀರಾತಿನಿಂದ ದೂರವಿರಿ. ಐ7 ಎಂಬ ಹೆಸರು 2008ರಿಂದಲೂ ಇದೆ. ಹತ್ತು ವರ್ಷ ಹಳೆಯ ಐ7 ಇವತ್ತಿನ ಐ3ಗೂ ಸಮನಾಗದಿರಬಹುದು. ಐ7 ಆದಮೇಲಿನ ಅಂಕಿ ಏನು ಎಂಬುದೇ ವಿಷಯ.

ಇನ್ನೊಂದು, ಅಳತೆ. ಮದರ್‌ಬೋರ್ಡು, ಕ್ಯಾಬಿನೆಟ್, ಎಸ್‌ಎಂಪಿಎಸ್ ಒಂದಕ್ಕೊಂದು ಹೊಂದಲೆಂದು ಇಂಟೆಲ್ 1995ರಲ್ಲಿ ಎಟಿಎಕ್ಸ್ ಮಾನಕ ತಂದಿತು. ಇವತ್ತಿಗೂ ಬಿಡಿಭಾಗಗಳ ಲೋಕ ಅದರ ಮೇಲೇ ನಿಂತಿದೆ. ಆದರೆ ದೊಡ್ಡ ಕಂಪನಿಗಳ ಕೆಲವು ಪಿಸಿಗಳಲ್ಲಿ ಬೋರ್ಡಿನ ಆಕಾರ, ಪವರ್ ಕನೆಕ್ಟರ್, ಕೂಲರ್ ಕೂರುವ ಜಾಗ ಎಲ್ಲವೂ ಅವರದೇ ಅಳತೆ. ಅಂಥ ಪಿಸಿಯಲ್ಲಿ ಎರಡು ವರ್ಷದ ಮೇಲೆ ಎಸ್‌ಎಂಪಿಎಸ್ ಕೆಟ್ಟರೆ ಹೊರಗಿನದು ಹೊಂದುವುದಿಲ್ಲ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಲು ಬೇಕಾದ 8 ಪಿನ್ ಕೇಬಲ್ ಇರುವುದೇ ಇಲ್ಲ. ಒಳಭಾಗದ ಒಂದು ಫೋಟೋ ಕೇಳಿ ನೋಡಿ. ಬೋರ್ಡಿಗೆ ಹೋಗುವ ಮುಖ್ಯ ಕೇಬಲ್ 24 ಪಿನ್‌ನದಿದ್ದು, ಎಸ್‌ಎಂಪಿಎಸ್ ಸಾಮಾನ್ಯ ಆಯತಾಕಾರದ ಪೆಟ್ಟಿಗೆಯಾಗಿದ್ದರೆ ಬಹುತೇಕ ನಿಶ್ಚಿಂತೆ.

ಹೆಜ್ಜೆ 6: ವ್ಯತ್ಯಾಸಕ್ಕೆ ಬೆಲೆ ಕಟ್ಟಿ

ಎರಡು ಮೊತ್ತಗಳ ನಡುವಿನ ಅಂತರ ಕೈಗೆ ಬಂತು. ರೆಡಿಮೇಡ್ ನೂರಕ್ಕೆ ಹತ್ತು ಭಾಗದಷ್ಟು ಹೆಚ್ಚಿದ್ದು, ಒಳಗಿನ ಮಾಲು ನಿಮ್ಮ ಪಟ್ಟಿಗೆ ಸಮನಾಗಿದ್ದರೆ, ನನ್ನ ಮಟ್ಟಿಗೆ ಅದು ನ್ಯಾಯವಾದ ವ್ಯಾಪಾರ. ಜೋಡಣೆ, ಪರೀಕ್ಷೆ, ಇಡೀ ಪಿಸಿಗೆ ಒಂದೇ ವಾರಂಟಿ, ಎಲ್ಲ ಸೇರಿದೆ. ಇಪ್ಪತ್ತು ಭಾಗ ದಾಟಿದರೆ ಜೋಡಿಸಿ. ಬೆಲೆ ಒಂದೇ ಇದ್ದು ಒಳಗಿನ ಮಾಲು ಇಳಿದಿದ್ದರೂ ಜೋಡಿಸುವುದೇ ಸರಿ.

ವಾರಂಟಿಯ ವಿಷಯದಲ್ಲಿ ಎರಡು ಕಡೆಗೂ ಒಂದೊಂದು ಬಲ. ರೆಡಿಮೇಡ್‌ನಲ್ಲಿ ಏನೇ ಕೆಟ್ಟರೂ ಹೋಗಬೇಕಾದ ಬಾಗಿಲು ಒಂದೇ, ಆದರೆ ಅವಧಿ ಸಾಮಾನ್ಯವಾಗಿ ಚಿಕ್ಕದು, ಇಡೀ ಪಿಸಿ ಕಳಿಸಬೇಕಾಗಿ ಬಂದರೆ ಅಷ್ಟು ದಿನ ಆಟವಿಲ್ಲ. ಜೋಡಿಸಿದ ಪಿಸಿಯಲ್ಲಿ ಪ್ರತಿ ಭಾಗಕ್ಕೂ ಅದರದೇ ವಾರಂಟಿ. ಡಬ್ಬಿಯಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷ. ಆದರೆ ಯಾವ ಭಾಗ ಕೆಟ್ಟಿದೆ ಎಂದು ಪತ್ತೆ ಹಚ್ಚುವ ಕೆಲಸ ನಿಮ್ಮದು. ಬಳಿಯಲ್ಲಿ ಪಿಸಿ ಬಲ್ಲ ಗೆಳೆಯರು ಒಬ್ಬರೂ ಇಲ್ಲ, ಕೆಟ್ಟರೆ ಓದಿಗೋ ಕೆಲಸಕ್ಕೋ ತೊಂದರೆ ಎನ್ನುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ರೆಡಿಮೇಡ್ ತೆಗೆದುಕೊಂಡರೆ ಅದು ದುಂದಲ್ಲ.

ಮಾರುಕಟ್ಟೆಯ ಕಾಲವನ್ನೂ ನೋಡಬೇಕು. 2020ರ ಕೊನೆಯಿಂದ 2022ರವರೆಗೆ ಕ್ರಿಪ್ಟೋ ಗಣಿಗಾರಿಕೆ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು), ಸಾಂಕ್ರಾಮಿಕದ ಬೇಡಿಕೆ ಎರಡೂ ಸೇರಿ ಗ್ರಾಫಿಕ್ಸ್ ಕಾರ್ಡ್ ಬಿಡಿಯಾಗಿ ಸಿಗುವುದೇ ದುಸ್ತರವಾಗಿತ್ತು. ಆಗ ರೆಡಿಮೇಡ್ ಪಿಸಿಯೊಳಗಿನ ಕಾರ್ಡ್ ಅಗ್ಗಕ್ಕೆ ಬೀಳುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಹುಚ್ಚು ಇಳಿಯಿತು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿತು. ಇಂಥ ಹೊತ್ತಿನಲ್ಲಿ ಹಳೆಯ ದಾಸ್ತಾನಿನ ರ‍್ಯಾಮ್ ಹಾಕಿ ತಯಾರಾದ ರೆಡಿಮೇಡ್ ಪಿಸಿ ನಿಮ್ಮ ಪಟ್ಟಿಗಿಂತ ಕಡಿಮೆಗೂ ಸಿಗಬಹುದು. ಜೋಡಿಸಿದರೆ ಅಗ್ಗ ಎಂಬ ಮಾತು ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. ಬೆಲೆಯನ್ನು ಕೊಳ್ಳುವ ವಾರದಲ್ಲೇ ಕೂಡಿಸಿ ನೋಡಬೇಕು.

ಹೆಜ್ಜೆ 7: ನಡುವಿನ ದಾರಿಗಳನ್ನು ಮರೆಯಬೇಡಿ

ಬಿಡಿಭಾಗ ಮಾರುವ ಅಂಗಡಿಯಲ್ಲೇ ನಿಮ್ಮ ಪಟ್ಟಿ ಕೊಟ್ಟು ಜೋಡಿಸಿಕೊಳ್ಳುವುದು ಎಲ್ಲಕ್ಕಿಂತ ನಿರಾಯಾಸದ ದಾರಿ. ಪಟ್ಟಿ ನಿಮ್ಮದು, ಕೈ ಅವರದು. ಷರತ್ತು ಒಂದೇ: ಬಿಲ್ಲಿನಲ್ಲಿ ಪ್ರತಿ ಭಾಗದ ಪೂರ್ಣ ಮಾದರಿ ಹೆಸರು, ಸೀರಿಯಲ್ ನಂಬರ್ ಇರಬೇಕು, ಖಾಲಿ ಡಬ್ಬಿಗಳೆಲ್ಲ ನಿಮ್ಮ ಕೈಗೆ ಬರಬೇಕು.

ಬಜೆಟ್ ತೀರಾ ಬಿಗಿ ಎನ್ನುವವರಿಗೆ ಎರಡು ಕಂತಿನ ದಾರಿ ಇದೆ. ಒಳಗೇ ಒಳ್ಳೆಯ ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ, 8600ಜಿ ತರಹದ ಪ್ರೊಸೆಸರ್ ಹಾಕಿ ಸ್ಪರ್ಧೆಯ ಆಟಗಳನ್ನು ಆಡುತ್ತಿರಿ, ದುಡ್ಡು ಕೂಡಿದಾಗ ಕಾರ್ಡ್ ಸೇರಿಸಿ. ಇಂಥ ಪ್ರೊಸೆಸರ್ ಕಂಪ್ಯೂಟರಿನ ರ‍್ಯಾಮನ್ನೇ ವಿ-ರ‍್ಯಾಮ್ ಆಗಿ ಬಳಸುವುದರಿಂದ ಎರಡು ಪಟ್ಟಿ ರ‍್ಯಾಮ್ ಇಲ್ಲಿ ಕಡ್ಡಾಯ. ಆದರೆ 5600ಜಿಯ ಕ್ಯಾಷ್ (ಪ್ರೊಸೆಸರ್‌ನೊಳಗಿನ ಪುಟ್ಟ ವೇಗದ ಮೆಮೊರಿ) 16 ಎಂಬಿ, 5600ರದು 32. ಕಾರ್ಡ್ ಹಾಕಿದ ಮೇಲೆ 5600ರಷ್ಟು ವೇಗ ಬರುವುದಿಲ್ಲ. ಆರು ತಿಂಗಳೊಳಗೆ ಕಾರ್ಡ್ ಖಚಿತ ಎಂದಾದರೆ ಕಾಯುವುದೇ ಒಳ್ಳೆಯದು.

ಕಚೇರಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಂಡು ಅದಕ್ಕೊಂದು ಸಣ್ಣ ಕಾರ್ಡ್ ಹಾಕುವವರೂ ಇದ್ದಾರೆ. ಮದರ್‌ಬೋರ್ಡಿನ ಸ್ಲಾಟ್ ತಾನೇ 75 ವ್ಯಾಟ್ ಕೊಡುತ್ತದೆ. 70 ವ್ಯಾಟ್‌ನ 6 ಜಿಬಿ ಆರ್‌ಟಿಎಕ್ಸ್ 3050ಗೆ ಅಷ್ಟು ಸಾಕು, ಬೇರೆ ಕೇಬಲ್ ಬೇಡ. ಮೇಲೆ ನಾನು ಬೈದ ಕಾರ್ಡಿಗೆ ಸರಿಯಾದ ಜಾಗ ಇದೇ. ಕ್ಯಾಬಿನೆಟ್ ಒಳಗೆ ಕಾರ್ಡಿನ ಎತ್ತರ, ಉದ್ದ ಹಿಡಿಸುತ್ತದೆಯೇ ಎಂದು ಟೇಪ್ ಹಿಡಿದು ಅಳೆಯಿರಿ. ಪ್ರೊಸೆಸರ್ ಇಂಟೆಲ್ 8ನೇ ತಲೆಮಾರಿನದೋ ಅದರ ನಂತರದ್ದೋ ಆಗಿರಲಿ. ಅದಕ್ಕಿಂತ ಹಳೆಯವನ್ನು ವಿಂಡೋಸ್ 11 ಒಪ್ಪುವುದಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವ್ಯಾಲರಂಟ್ ಆಡುವವರಿಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳೆರಡೂ ಆನ್ ಆಗಿರಬೇಕು.

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದಾದರೆ ಓಡುತ್ತಿರುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಅರ್ಧ ಗಂಟೆ ಭಾರದ ಆಟ ಓಡಿಸಿ, ಪರದೆಯಲ್ಲಿ ಗೆರೆ, ಚುಕ್ಕಿ ಬರುತ್ತವೆಯೇ, ಫ್ಯಾನ್ ಕಿರುಗುಟ್ಟುತ್ತದೆಯೇ ಗಮನಿಸಿ. ಹಳೇ ಕಾರ್ಡಿನ ಬಯೋಸ್ ತಿದ್ದಿ ಹೊಸ ಹೆಸರಿನಲ್ಲಿ ಮಾರುವ ದಂಧೆ ಇದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ನಕಲಿ ಎನ್‌ವಿಡಿಯಾ ಕಾರ್ಡುಗಳನ್ನು 'ಫೇಕ್' ಎಂದು ಗುರುತಿಸಿ ತೋರಿಸುತ್ತದೆ.

ಹೆಜ್ಜೆ 8: ಜೋಡಿಸುವವರಿಗೆ

ಬೇಕಾದ ಆಯುಧ ಒಂದೇ, ತುದಿಯಲ್ಲಿ ಅಯಸ್ಕಾಂತ ಇರುವ ಸ್ಟಾರ್ ಸ್ಕ್ರೂಡ್ರೈವರ್. ಮೊದಲ ಸಲದವರು ಒಂದು ರಜಾದಿನವನ್ನು ಪೂರ್ತಿ ಬಿಟ್ಟುಕೊಳ್ಳಿ. ಕಾರ್ಪೆಟ್ ಮೇಲೆ ಕೂರಬೇಡಿ, ಆಗಾಗ ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆಯಿರಿ.

ಮದರ್‌ಬೋರ್ಡನ್ನು ಅದರ ಡಬ್ಬಿಯ ಮೇಲೇ ಇಟ್ಟು ಶುರು ಮಾಡಿ. ಪ್ರೊಸೆಸರ್‌ನ ಮೂಲೆಯಲ್ಲಿ ಚಿಕ್ಕ ತ್ರಿಕೋನ ಇರುತ್ತದೆ, ಸಾಕೆಟ್‌ನಲ್ಲೂ ಒಂದು. ಎರಡನ್ನೂ ಒಂದೇ ಮೂಲೆಗೆ ತಂದು ಪ್ರೊಸೆಸರನ್ನು ಹಗುರವಾಗಿ ಇರಿಸಿ, ಒತ್ತಬೇಡಿ. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗೆ, ಎಎಂ5 ಮತ್ತು ಇಂಟೆಲ್‌ನಲ್ಲಿ ಬೋರ್ಡಿನಲ್ಲಿ ಇರುತ್ತವೆ. ಎಲ್ಲಿದ್ದರೂ ಬೆರಳು ತಾಗಬಾರದು. ಎಎಂ5, ಇಂಟೆಲ್ ಸಾಕೆಟ್‌ಗಳ ಸರಳನ್ನು ಕೆಳಗೆ ಒತ್ತಿ ಸಿಕ್ಕಿಸುವಾಗ ಕರ್ರ್ ಎಂದು ಸದ್ದಾಗುತ್ತದೆ, ನಿರೀಕ್ಷೆಗಿಂತ ಹೆಚ್ಚು ಬಲ ಬೇಕಾಗುತ್ತದೆ. ಎಲ್ಲವೂ ಮುರಿಯಿತು ಎಂದು ಎದೆ ಧಸಕ್ಕೆನ್ನುವುದು ಇಲ್ಲೇ. ತ್ರಿಕೋನ ಸರಿಯಾಗಿ ಕೂತಿದ್ದರೆ ಹೆದರಬೇಡಿ, ಅದು ಹಾಗೇ ಇರುವುದು.

ನಾಲ್ಕು ಸ್ಲಾಟ್ ಇದ್ದರೆ ರ‍್ಯಾಮನ್ನು ಪ್ರೊಸೆಸರ್‌ನಿಂದ ಎಣಿಸಿ 2 ಮತ್ತು 4ರಲ್ಲಿ ಹಾಕಿ, ಟಕ್ ಎನ್ನುವವರೆಗೆ ಒತ್ತಿ. ಎಂ.2 ಎಂಬ ಸ್ಲಾಟಿಗೆ ಹೋಗುವ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮಲಗಿಸಿ, ಸ್ಕ್ರೂ ಹಾಕಿ. ಅದರ ಮೇಲಿನ ಲೋಹದ ಮುಚ್ಚಳದ ಅಡಿ ಇರುವ ತೆಳು ಪ್ಲಾಸ್ಟಿಕ್ ಕೀಳಲು ಮರೆಯಬೇಡಿ. ಪ್ರೊಸೆಸರ್ ಜೊತೆ ಬರುವ ಕೂಲರ್‌ಗೆ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಲೇಪ) ಮೊದಲೇ ಬಳಿದಿರುತ್ತಾರೆ, ಮುಟ್ಟಬೇಡಿ. ಬೇರೆ ಕೂಲರ್ ಆದರೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು.

ಬೋರ್ಡನ್ನು ಕ್ಯಾಬಿನೆಟ್‌ಗೆ ಇಳಿಸುವ ಮೊದಲು ಸ್ಟ್ಯಾಂಡ್‌ಆಫ್ ಎಂಬ ಹಿತ್ತಾಳೆಯ ಮೊಳೆಗಳು ಬೋರ್ಡಿನ ತೂತುಗಳಿಗೆ ಸರಿಯಾಗಿವೆಯೇ, ಕೇಬಲ್ ಸಿಕ್ಕಿಸುವ ಪೋರ್ಟುಗಳ ಸುತ್ತ ಬರುವ ಹಿಂದಿನ ತಗಡು ಕೂತಿದೆಯೇ ನೋಡಿ. ಆಮೇಲೆ ಪವರ್ ಕೇಬಲ್. ಇಲ್ಲಿ ಒಂದು ಗೊಂದಲ ಕಾದಿರುತ್ತದೆ: ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಎರಡಕ್ಕೂ 8 ಪಿನ್ ಕೇಬಲ್ಲೇ. 4 ಮತ್ತು 4 ಆಗಿ ಬಿಡಿಸಿಕೊಳ್ಳುವುದು ಪ್ರೊಸೆಸರ್‌ನದು, 6 ಮತ್ತು 2 ಆಗಿ ಬಿಡಿಸಿಕೊಳ್ಳುವುದು ಕಾರ್ಡಿನದು. ಹೋಗದಿದ್ದರೆ ಒತ್ತಾಯ ಮಾಡಬೇಡಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ಲನ್ನು, ಕೂಡುವಂತೆ ಕಂಡರೂ, ಎಂದಿಗೂ ಬಳಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಕ್ಷಣದಲ್ಲಿ ಎಸ್‌ಎಸ್‌ಡಿಯೋ ಕಾರ್ಡೋ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯದ ವಿದ್ಯುತ್ ಉಳಿದಿರುತ್ತದೆ.

ಸ್ವಿಚ್ ಒತ್ತಿದ ಮೇಲೆ ಡಿಡಿಆರ್5 ಇರುವ ಪಿಸಿ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯನ್ನೇ ತೋರಿಸಬಹುದು. ಬೋರ್ಡು ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ. ಹದಿನೈದು ನಿಮಿಷವಾದರೂ ಏನೂ ಬರದಿದ್ದರೆ ಬೋರ್ಡಿನ ಮೂಲೆಯ ಪುಟ್ಟ ದೀಪಗಳನ್ನು ನೋಡಿ. ಅನೇಕ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಇರುತ್ತವೆ, ತೊಂದರೆ ಇರುವ ಕಡೆಯದು ಉರಿಯುತ್ತಲೇ ಇರುತ್ತದೆ. ಹೆಚ್ಚಿನ ಸಲ ರ‍್ಯಾಮ್ ಪೂರ್ತಿ ಒಳಗೆ ಹೋಗಿರುವುದಿಲ್ಲ, ಅಷ್ಟೆ.

ಹೆಜ್ಜೆ 9: ಕೊಂಡರೂ ಜೋಡಿಸಿದರೂ ಮೊದಲ ವಾರದ ಕೆಲಸ

ರೆಡಿಮೇಡ್ ಬಂದ ಕೂಡಲೇ ಪ್ಲಗ್ ಹಾಕಬೇಡಿ. ಸಾಗಣೆಗೆಂದು ಒಳಗೆ ಸ್ಪಂಜು ತುಂಬಿರುವುದುಂಟು, ಪಕ್ಕದ ಬಾಗಿಲು ತೆಗೆದು ಅದನ್ನು ಹೊರತೆಗೆಯಿರಿ. ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಲ್ಲಿ ಅಲುಗಾಡದೆ ಕೂತಿದೆಯೇ ನೋಡಿ. ಹೇಳಿದ ಮಾಲೇ ಒಳಗಿದೆಯೇ ಎಂದು ಪಟ್ಟಿಯೊಂದಿಗೆ ತಾಳೆ ಹಾಕಿ.

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಬೇಕು, ಮದರ್‌ಬೋರ್ಡಿಗಲ್ಲ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ನೀವೇ ಆರಿಸಬೇಕಾಗಬಹುದು, ಎಷ್ಟೋ ಪಿಸಿಗಳು 60ರಲ್ಲೇ ಉಳಿದಿರುತ್ತವೆ. ರ‍್ಯಾಮ್ ಕೂಡ ಹಾಗೆಯೇ: ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಆನ್ ಮಾಡುವವರೆಗೆ ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗವೂ ಕಾಣುತ್ತದೆ, ಎಷ್ಟು ಸ್ಲಾಟ್ ತುಂಬಿವೆ ಎಂಬುದೂ ಕಾಣುತ್ತದೆ. ಎರಡು ಪಟ್ಟಿ ಎಂದು ಹೇಳಿ ಒಂದನ್ನೇ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಎಚ್‌ಡಬ್ಲ್ಯು-ಇನ್ಫೋ ಎಂಬ, ಭಾಗಗಳ ಶಾಖ ತೋರಿಸುವ ತಂತ್ರಾಂಶ ಹಾಕಿಕೊಂಡು ಭಾರದ ಆಟವನ್ನು ಒಂದು ಗಂಟೆ ಓಡಿಸಿ, ಪ್ರೊಸೆಸರ್ ಮತ್ತು ಕಾರ್ಡಿನ ಶಾಖ ಗಮನಿಸಿ. ಈ ದರ್ಜೆಯ ಕಾರ್ಡ್ 80 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಚಿಂತೆಯಿಲ್ಲ. ಪ್ರೊಸೆಸರ್ ಆಟದಲ್ಲಿ 90 ದಾಟುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ ಎಂದೇ ಮೊದಲು ಅನುಮಾನಿಸಿ. ಪಿಸಿ ತಾನಾಗಿ ರೀಸ್ಟಾರ್ಟ್ ಆಗುವುದು, ಆಟ ಮಧ್ಯೆ ಮುಚ್ಚಿಕೊಳ್ಳುವುದು, ಪರದೆ ಮಿನುಗುವುದು, ಇದರಲ್ಲಿ ಯಾವುದು ಕಂಡರೂ ಮೊಬೈಲಿನಲ್ಲಿ ವಿಡಿಯೋ ಮಾಡಿ, ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಮಾರಿದವರಿಗೆ ಕಳಿಸಿ. ಆ ಅವಧಿ ದಾಟುವವರೆಗೂ ಒಂದು ಡಬ್ಬಿಯನ್ನೂ ಎಸೆಯಬೇಡಿ. ಬಿಲ್ಲಿನ ಫೋಟೋ, ಪ್ರತಿ ಭಾಗದ ಸೀರಿಯಲ್ ನಂಬರ್‌ನ ಫೋಟೋ ತೆಗೆದು, ಆ ಪಿಸಿಯಲ್ಲಲ್ಲದೆ ಬೇರೆ ಕಡೆ ಇಟ್ಟುಕೊಳ್ಳಿ.